ಹಸಿರು ಕ್ಯಾಪ್ಸೂಲ್ ಕೊಡಬಹುದೇ? ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು ಮತ್ತು ರಕ್ತಕಣದ ಪೊರೆ

ಕೋಲ್ಕತ್ತಾದ ಡಮ್ ಡಮ್‌ನಲ್ಲಿ ನೆಲೆಸಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಅಪ್ಪ ಹಾಸನದ ಕಡೆಯವರು, ವಿಮಾನ ನಿಲ್ದಾಣದಲ್ಲಿ ನೌಕರಿ. ಅಮ್ಮ ಬಂಗಾಳಿ. ಆರು ವರ್ಷದ ಮಗಳಿಗೆ ಹಿಮೋಗ್ಲೋಬಿನ್ ಇ–ಬೀಟಾ ಥಲಸ್ಸೀಮಿಯಾ ಇದೆ. ಕೆಲವು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಒಂದು ದಿನ ಹಾಸನದಿಂದ ಅಜ್ಜಿ ಫೋನ್ ಮಾಡುತ್ತಾರೆ: "ಮಗೂಗೆ ಆ ಹಸಿರು ಮಾತ್ರೆ ಕೊಡೋ. ನಿಮ್ಮತ್ತೆಗೆ ಕಾಲು ಸೆಳೆತಕ್ಕೆ ಅದನ್ನೇ ಬರೆದುಕೊಟ್ಟಿದ್ರು. ವಿಟಮಿನ್ ತಾನೆ, ಏನೂ ಆಗಲ್ಲ. ರಕ್ತ ಗಟ್ಟಿಯಾಗುತ್ತಂತೆ."

ಹಸಿರು ಮಾತ್ರೆ ಎಂದರೆ ವಿಟಮಿನ್ ಇ. ನಾಗೇರ್‌ಬಜಾರ್‌ನ ಔಷಧದಂಗಡಿಯಲ್ಲೂ ಹಾಸನದ ಅಂಗಡಿಯಲ್ಲೂ ಕೇಳಿದ ಕೂಡಲೇ ಸಿಗುತ್ತದೆ. ಕುಟುಂಬ ಕಲ್ಪನೆಯದ್ದಾದರೂ ಪ್ರಶ್ನೆ ಕಲ್ಪನೆಯದ್ದಲ್ಲ. ಥಲಸ್ಸೀಮಿಯಾ ಇರುವ ಮಕ್ಕಳ ಪೋಷಕರು ಇದನ್ನು ಮತ್ತೆ ಮತ್ತೆ ಕೇಳುತ್ತಾರೆ. ಅಜ್ಜಿಯ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ವಿಟಮಿನ್ ಇಗೂ ಕೆಂಪು ರಕ್ತಕಣದ ಗಟ್ಟಿತನಕ್ಕೂ ನಿಜವಾಗಿ ಸಂಬಂಧವಿದೆ. ಉಳಿದರ್ಧ ಅರ್ಥವಾಗಬೇಕಾದರೆ ರಕ್ತಕಣದ ಹೊರಪೊರೆ ಎಂಥದ್ದು, ಎಣ್ಣೆಯಲ್ಲಿ ಮಾತ್ರ ಕರಗುವ ಎ, ಡಿ, ಇ, ಕೆ ವಿಟಮಿನ್‌ಗಳು ಅದರಲ್ಲಿ ಏನು ಮಾಡುತ್ತವೆ ಎಂಬುದನ್ನು ನೋಡಬೇಕು.

ಈ ಕಾಯಿಲೆ ಬಂಗಾಳಕ್ಕೆ ಹೊಸದಲ್ಲ. ಹಿಮೋಗ್ಲೋಬಿನ್ ಇ ಎಂಬ ಬದಲಾದ ರಕ್ತವರ್ಣಕ ಬಂಗಾಳದಲ್ಲೂ ಈಶಾನ್ಯ ರಾಜ್ಯಗಳಲ್ಲೂ ಸಾಮಾನ್ಯ. ಅದು ಬೀಟಾ ಥಲಸ್ಸೀಮಿಯಾ ಜೊತೆ ಸೇರಿದಾಗ ಬರುವ ರಕ್ತಹೀನತೆಯನ್ನು 1950ರ ದಶಕದಲ್ಲಿ ವಿವರವಾಗಿ ಅಧ್ಯಯನ ಮಾಡಿದವರಲ್ಲಿ ಕೋಲ್ಕತ್ತಾದ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನ ಡಾ. ಜೆ.ಬಿ. ಚಟರ್ಜಿಯವರು ಪ್ರಮುಖರು. ಚಿತ್ತರಂಜನ್ ಅವೆನ್ಯೂದಲ್ಲಿರುವ ಆ ಸಂಸ್ಥೆಗೆ ಡಮ್ ಡಮ್‌ನಿಂದ ಮೆಟ್ರೋ ಹಿಡಿದರೆ ಅರ್ಧ ಗಂಟೆಯೊಳಗೆ ತಲುಪಬಹುದು. ನಮ್ಮ ಕಲ್ಪನೆಯ ಮಗುವಿಗೆ ಇ ಬಂದದ್ದು ಅಮ್ಮನಿಂದ, ಬೀಟಾ ಬಂದದ್ದು ಅಪ್ಪನಿಂದ. ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ, ಆದ್ದರಿಂದ ಮದುವೆಗೆ ಮುಂಚೆ ಯಾರೂ ಪರೀಕ್ಷೆ ಮಾಡಿಸಲಿಲ್ಲ.

ಪೊರೆ ಎಂದರೆ ಗೋಡೆಯಲ್ಲ, ಎಣ್ಣೆಯ ಪದರ

ಜನವರಿ ತಿಂಗಳಲ್ಲಿ ಡಮ್ ಡಮ್‌ನ ಅಡುಗೆಮನೆಯಲ್ಲಿ ಎರಡು ಬಾಟಲಿ ಪಕ್ಕಪಕ್ಕ ಇಡಿ. ಊರಿನಿಂದ ತಂದ ಕೊಬ್ಬರಿ ಎಣ್ಣೆ ಬೆಳಿಗ್ಗೆ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಸಾಸಿವೆ ಎಣ್ಣೆ ಮಾತ್ರ ಹಾಗೇ ಹರಿಯುತ್ತಿರುತ್ತದೆ. ಎರಡೂ ಎಣ್ಣೆಯೇ, ಚಳಿಯೂ ಒಂದೇ. ವ್ಯತ್ಯಾಸ ಅಣುಗಳ ಆಕಾರದಲ್ಲಿದೆ. ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳ ಬಾಲ ಬಹುತೇಕ ನೇರ. ಬೆಂಕಿಕಡ್ಡಿಗಳ ಹಾಗೆ ಒತ್ತೊತ್ತಾಗಿ ಜೋಡಿಸಿಕೊಳ್ಳುತ್ತವೆ, ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತವೆ. ಸಾಸಿವೆ ಎಣ್ಣೆಯ ಅಣುಗಳ ಬಾಲ ನಡುವೆ ಸೊಟ್ಟ. ಸೊಟ್ಟ ಕಡ್ಡಿಗಳನ್ನು ಪೆಟ್ಟಿಗೆಯಲ್ಲಿ ಒತ್ತಿ ತುಂಬಲಾಗದು, ಸಂದು ಉಳಿಯುತ್ತದೆ, ಎಣ್ಣೆ ದ್ರವವಾಗಿಯೇ ಇರುತ್ತದೆ.

ನಮ್ಮ ದೇಹದ ಪ್ರತಿ ಜೀವಕೋಶದ ಹೊರಪೊರೆ ಇಂಥದ್ದೇ ಅಣುಗಳಿಂದ ಆಗಿದೆ. ಎರಡು ಸಾಲು ಕೊಬ್ಬಿನ ಅಣುಗಳು, ತಲೆ ನೀರಿನ ಕಡೆಗೆ, ಬಾಲಗಳು ಒಳಮುಖವಾಗಿ. ಒಟ್ಟು ದಪ್ಪ ಒಂದು ಮಿಲಿಮೀಟರ್‌ನ ಎರಡು ಲಕ್ಷದಲ್ಲಿ ಒಂದು ಭಾಗದಷ್ಟು. ಇದು ಗಾರೆ ಗೋಡೆಯ ಹಾಗೆ ನಿಂತಿರುವುದಿಲ್ಲ. ಅಣುಗಳು ಸದಾ ಪಕ್ಕಕ್ಕೆ ಸರಿಯುತ್ತಾ, ಸ್ಥಳ ಬದಲಿಸುತ್ತಾ ಇರುತ್ತವೆ. ತೀರಾ ಗಟ್ಟಿಯಾದರೆ ಪೊರೆಯಲ್ಲಿರುವ ಪ್ರೋಟೀನ್‌ಗಳು ಕೆಲಸ ಮಾಡಲಾರವು. ತೀರಾ ಸಡಿಲವಾದರೆ ಒಳಗಿನದ್ದು ಸೋರಿಹೋಗುತ್ತದೆ. ದೇಹ ಇವೆರಡರ ನಡುವಿನ ಹದವನ್ನು ಕಾಯ್ದುಕೊಳ್ಳುತ್ತದೆ. ಅದರಲ್ಲಿ ಕೊಲೆಸ್ಟೆರಾಲ್‌ನದ್ದು ದೊಡ್ಡ ಪಾತ್ರ: ಕೆಂಪು ರಕ್ತಕಣದ ಪೊರೆಯಲ್ಲಿ ಪೊರೆಯ ಮುಖ್ಯ ಕೊಬ್ಬಿಗೂ ಕೊಲೆಸ್ಟೆರಾಲ್‌ಗೂ ಹೆಚ್ಚುಕಡಿಮೆ ಒಂದಕ್ಕೊಂದು ಲೆಕ್ಕ. ಹೀಗಾಗಿ ಕೊಬ್ಬರಿ ಎಣ್ಣೆ ತಿಂದವರ ಪೊರೆ ಗಟ್ಟಿಯಾಗುತ್ತದೆ ಎಂದೇನೂ ಅಂದುಕೊಳ್ಳಬೇಡಿ. ಬಾಟಲಿಯ ಹೋಲಿಕೆ ಅಣುಗಳ ಆಕಾರವನ್ನು ತಿಳಿಸಲಿಕ್ಕಷ್ಟೇ.

ಕೆಂಪು ರಕ್ತಕಣಕ್ಕೆ ಈ ಹದ ಎಲ್ಲಕ್ಕಿಂತ ಮುಖ್ಯ. ಅದರ ಅಗಲ ಏಳೆಂಟು ಮೈಕ್ರಾನ್. ಆದರೆ ದಿನಕ್ಕೆ ಎಷ್ಟೋ ಸಲ ತನಗಿಂತ ಕಿರಿದಾದ ನಾಳಗಳಲ್ಲಿ ಮಡಿಚಿಕೊಂಡು ತೂರಬೇಕು. ಗುಲ್ಮದಲ್ಲಂತೂ ಸುಮಾರು ಒಂದು ಮೈಕ್ರಾನ್‌ನ ಸೀಳುಗಂಡಿಯಲ್ಲಿ ನುಸುಳಿ ಬರಬೇಕು. ಬಾಗುವ ಕಣ ದಾಟುತ್ತದೆ, ಬಿಗಿಯಾದ ಕಣ ಅಲ್ಲೇ ಸಿಕ್ಕಿಬಿದ್ದು ನಾಶವಾಗುತ್ತದೆ. ಈ ಬಾಗುವಿಕೆ ಕೊಬ್ಬಿನ ಪದರದ ಜೊತೆಗೆ ಅದರ ಕೆಳಗಿರುವ ಪ್ರೋಟೀನ್‌ಗಳ ಬಲೆಯಿಂದಲೂ ಬರುತ್ತದೆ. ಆರೋಗ್ಯವಂತರಲ್ಲಿ ಒಂದು ಕಣ ಸುಮಾರು 120 ದಿನ ಬಾಳುತ್ತದೆ. ಅದಕ್ಕೆ ಕೋಶಕೇಂದ್ರ ಇಲ್ಲ. ಪೊರೆಯ ಕೊಬ್ಬು ಕೆಟ್ಟರೆ ಹೊಸದನ್ನು ತಾನೇ ತಯಾರಿಸಿಕೊಳ್ಳಲಾರದು.

ವಿಟಮಿನ್ ಇ ಕೂರುವ ಜಾಗ

ಹಳೆಯ ಎಣ್ಣೆ ಕಮಟು ಹಿಡಿಯುವುದು ಎಲ್ಲರಿಗೂ ಗೊತ್ತು. ಗಾಳಿಯ ಆಮ್ಲಜನಕ ಎಣ್ಣೆಯ ಸೊಟ್ಟ ಬಾಲಗಳನ್ನು ಹಿಡಿದು ಕೆಡಿಸುತ್ತದೆ. ಕೆಟ್ಟ ಒಂದು ಬಾಲ ಪಕ್ಕದ ಬಾಲವನ್ನೂ ಕೆಡಿಸುತ್ತದೆ, ಅದು ಮತ್ತೊಂದನ್ನು. ಜೀವಕೋಶದ ಪೊರೆಯಲ್ಲೂ ಇದೇ ನಡೆಯಬಹುದು. ಕೆಟ್ಟ ಬಾಲ ಒಳಗೆ ನಿಲ್ಲದೆ ನೀರಿನ ಕಡೆಗೆ ಮೇಲೆ ಬಾಗುತ್ತದೆ. ಆ ಜಾಗದಲ್ಲಿ ಪೊರೆ ತೆಳ್ಳಗಾಗುತ್ತದೆ, ಉಪ್ಪಿನಂಶಗಳೂ ನೀರೂ ಸೋರತೊಡಗುತ್ತವೆ. ಅಕ್ಕಪಕ್ಕದ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಂಡು ಇಡೀ ಪೊರೆ ಬಿಗಿಯಾಗುತ್ತದೆ.

ವಿಟಮಿನ್ ಇ ಈ ಸರಪಳಿಯನ್ನು ತುಂಡರಿಸುತ್ತದೆ. ಅದರ ಉದ್ದನೆಯ ಬಾಲ ಪೊರೆಯ ಎಣ್ಣೆಯೊಳಗೆ ಹುದುಗಿ, ತಲೆ ನೀರಿನ ಅಂಚಿನ ಬಳಿ ನಿಲ್ಲುತ್ತದೆ. ಕೆಟ್ಟ ಬಾಲ ಮೇಲೆ ಬಾಗಿದಾಗ ಸಿಗುವುದು ಸರಿಯಾಗಿ ಈ ತಲೆಯೇ. ಅದು ತನ್ನದೊಂದು ಹೈಡ್ರೋಜನ್ ಕೊಟ್ಟು ಸರಪಳಿ ನಿಲ್ಲಿಸುತ್ತದೆ. ಆಚೆ ನೀರಿನ ಭಾಗದಲ್ಲಿರುವ ವಿಟಮಿನ್ ಸಿ ಅದನ್ನು ಮತ್ತೆ ಸರಿಪಡಿಸಬಲ್ಲದು. ಹೀಗಾಗಿ ತೀರಾ ಕಡಿಮೆ ಪ್ರಮಾಣ ಸಾಕು. ಪೊರೆಯ ಸಾವಿರ ಕೊಬ್ಬಿನ ಅಣುಗಳಿಗೆ ಒಂದರ ಆಸುಪಾಸು ವಿಟಮಿನ್ ಇ ಅಣು ಇರುತ್ತದೆ, ಅಷ್ಟೇ.

ಇಲ್ಲಿ ವಿಜ್ಞಾನಿಗಳ ನಡುವೆಯೇ ಒಂದು ಹಳೆಯ ವಾದವಿದೆ. ಪ್ರಯೋಗಾಲಯದಲ್ಲಿ ಕೃತಕ ಪೊರೆ ಮಾಡಿ, ಅದರಲ್ಲಿ ವಿಟಮಿನ್ ಇ ಅನ್ನು ನೂರಕ್ಕೆ ಐದು, ಹತ್ತರಷ್ಟು ಬೆರೆಸಿದರೆ ಪೊರೆಯ ಗುಣವೇ ಬದಲಾಗುತ್ತದೆ. ಸಡಿಲ ಪೊರೆಯ ಬಾಲಗಳು ಕೊಂಚ ಬಿಗಿಯಾಗುತ್ತವೆ, ಸೋರಿಕೆ ತಗ್ಗುತ್ತದೆ. ಹೆಪ್ಪುಗಟ್ಟಿದ ಪೊರೆಯಾದರೆ ಸಡಿಲವಾಗುತ್ತದೆ. ಕೊಲೆಸ್ಟೆರಾಲ್ ಮಾಡುವುದನ್ನೇ ಸ್ವಲ್ಪ ಹೋಲುತ್ತದೆ. ಬ್ರಿಟನ್ನಿನ ಜಾಕ್ ಲೂಸಿ 1972ರಲ್ಲಿ, ವಿಟಮಿನ್ ಇ ಪೊರೆಯ ರಚನೆಗೇ ಆಧಾರ, ಅದರ ಬಾಲ ಸೊಟ್ಟ ಕೊಬ್ಬಿನಾಮ್ಲಗಳ ಸಂದಿನಲ್ಲಿ ಕೂತು ಬಿಗಿ ಹಿಡಿಯುತ್ತದೆ ಎಂದು ವಾದಿಸಿದರು. ಮಾರೆಟ್ ಟ್ರೇಬರ್ ಮತ್ತು ಜೆಫ್ರಿ ಅಟ್ಕಿನ್ಸನ್ 2007ರಲ್ಲಿ ಅದಕ್ಕೆ ಎದುರಾಗಿ ಬರೆದರು: ಕೊಬ್ಬು ಕೆಡದಂತೆ ತಡೆಯುವುದೇ ಅದರ ಕೆಲಸ, ಬೇರೇನೂ ಅಲ್ಲ. ನನಗೆ ಎರಡನೆಯದೇ ಹೆಚ್ಚು ಒಪ್ಪಿತ. ಸಾವಿರಕ್ಕೆ ಒಂದು ಅಣು ಇಡೀ ಪೊರೆಯನ್ನು ಬಿಗಿಹಿಡಿದಿದೆ ಎನ್ನುವುದು ಕಷ್ಟ. ಆದರೆ ರೋಗಿಯ ದೃಷ್ಟಿಯಿಂದ ಇಬ್ಬರ ಮಾತೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ. ವಿಟಮಿನ್ ಇ ಸಾಲದಿದ್ದರೆ ಪೊರೆಯ ಹದ ಕೆಡುತ್ತದೆ.

ಸಾಲದೇ ಹೋದರೆ ಏನಾಗುತ್ತದೆಂದು ಸ್ಪಷ್ಟವಾಗಿ ಕಂಡದ್ದು ಹಸುಳೆಗಳಲ್ಲಿ. 1967ರಲ್ಲಿ ಅಮೆರಿಕದ ಮಕ್ಕಳ ವೈದ್ಯರಾದ ಓಸ್ಕಿ ಮತ್ತು ಬಾರ್ನೆಸ್, ಅವಧಿಗೆ ಮುನ್ನ ಹುಟ್ಟಿದ ಕೂಸುಗಳಲ್ಲಿ ರಕ್ತಕಣ ಒಡೆದು ಬರುವ ರಕ್ತಹೀನತೆಗೆ ವಿಟಮಿನ್ ಇ ಕೊರತೆಯೇ ಕಾರಣ ಎಂದು ತೋರಿಸಿದರು. ಅಂಥ ಕೂಸುಗಳು ಹುಟ್ಟುವಾಗಲೇ ಈ ವಿಟಮಿನ್ ಕಡಿಮೆ ಇಟ್ಟುಕೊಂಡು ಬರುತ್ತವೆ. ಆ ಕಾಲದ ಡಬ್ಬಿ ಹಾಲಿನಲ್ಲಿ ಬೇಗ ಕಮಟು ಹಿಡಿಯುವಂಥ ಸೊಟ್ಟ ಬಾಲದ ಕೊಬ್ಬು ಹೆಚ್ಚಿತ್ತು, ಜೊತೆಗೆ ಕಬ್ಬಿಣಾಂಶವನ್ನೂ ಕೊಡುತ್ತಿದ್ದರು. ಕಬ್ಬಿಣ ಈ ಕೆಡಿಕೆಗೆ ಕಿಡಿ ಹಚ್ಚುವ ವಸ್ತು. ರಕ್ತಹೀನತೆಗೆಂದು ಕೊಟ್ಟ ಕಬ್ಬಿಣವೇ ಅದನ್ನು ಹೆಚ್ಚಿಸುತ್ತಿತ್ತು. ವಿಟಮಿನ್ ಇ ಕೊಟ್ಟಾಗ ಕೂಸುಗಳು ಚೇತರಿಸಿಕೊಂಡವು. ಮುಂದೆ ಡಬ್ಬಿ ಹಾಲಿನ ಕೊಬ್ಬಿಗೆ ತಕ್ಕಷ್ಟು ವಿಟಮಿನ್ ಇ ಸೇರಿಸುವುದು ರೂಢಿಯಾಯಿತು.

ಥಲಸ್ಸೀಮಿಯಾದಲ್ಲಿ ಮಾತ್ರೆ ಏಕೆ ಸಾಲದು

ಹಿಮೋಗ್ಲೋಬಿನ್‌ನಲ್ಲಿ ಆಲ್ಫಾ, ಬೀಟಾ ಎಂಬ ಎರಡು ಬಗೆಯ ಎಳೆಗಳು ಜೋಡಿಯಾಗಿರುತ್ತವೆ. ಬೀಟಾ ಎಳೆ ಸಾಕಷ್ಟು ತಯಾರಾಗದಿದ್ದರೆ ಜೋಡಿ ಸಿಗದ ಆಲ್ಫಾ ಎಳೆಗಳು ಮುದ್ದೆಯಾಗಿ ರಕ್ತಕಣದ ಪೊರೆಯ ಒಳಮೈಗೆ ಅಂಟುತ್ತವೆ. ಅಲ್ಲೇ ಕಳಚಿಕೊಂಡು ಕಬ್ಬಿಣವನ್ನು ಬಿಡುತ್ತವೆ. ಅಂದರೆ ಕಿಡಿ ಪೊರೆಗೆ ಒತ್ತಿಕೊಂಡೇ ಇದೆ. ಪೊರೆಯ ಕೊಬ್ಬು ಕಮಟು ಹಿಡಿಯುತ್ತದೆ, ವಿಟಮಿನ್ ಇ ಆ ಬೆಂಕಿ ಆರಿಸುತ್ತಾ ಆರಿಸುತ್ತಾ ಖರ್ಚಾಗುತ್ತದೆ. ಥಲಸ್ಸೀಮಿಯಾ ಇರುವವರ ರಕ್ತದಲ್ಲಿ ವಿಟಮಿನ್ ಇ ಕಡಿಮೆ ಇರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಬಿಗಿಯಾದ ಕಣಗಳನ್ನು ಗುಲ್ಮ ಹಿಡಿದು ನಾಶ ಮಾಡುತ್ತದೆ, ಮಗುವಿನ ಹೊಟ್ಟೆ ಎಡಭಾಗದಲ್ಲಿ ಉಬ್ಬುವುದಕ್ಕೆ ಅದೂ ಒಂದು ಕಾರಣ.

ಹಾಗಿದ್ದರೆ ವಿಟಮಿನ್ ಇ ತುಂಬಿಸಿದರೆ ಸರಿಹೋಗಬೇಕಲ್ಲ? ಪ್ರಯತ್ನಿಸಿದ್ದಾರೆ. ವಿಟಮಿನ್ ಇ ಕೊಟ್ಟಾಗ ರಕ್ತದಲ್ಲಿ ಕೊಬ್ಬು ಕೆಡುವುದರ ಸೂಚಕಗಳು ಇಳಿಯುತ್ತವೆ. ಆದರೆ ಹಿಮೋಗ್ಲೋಬಿನ್ ಏರಿ, ರಕ್ತ ಕೊಡಿಸುವ ಅಂತರ ಹೆಚ್ಚಾಗುತ್ತದೆ ಎಂಬುದು ಖಚಿತವಾಗಿಲ್ಲ. ಪೊರೆಯ ಸಾಕ್ಷ್ಯ ಒಳ್ಳೆಯದಾಗಿದ್ದರೂ ಮಗುವಿನ ಸ್ಥಿತಿ ಅದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಕಾರಣ ಊಹಿಸಬಹುದು. ಹಸುಳೆಗಳಲ್ಲಿ ಇದ್ದದ್ದು ಕೊರತೆ, ತುಂಬಿದರೆ ಮುಗಿಯಿತು. ಇಲ್ಲಿ ಮೂಲ ಸಮಸ್ಯೆ ಆಲ್ಫಾ ಎಳೆಗಳ ಮುದ್ದೆ ಮತ್ತು ಕಬ್ಬಿಣ. ನಲ್ಲಿ ಸುರಿಯುತ್ತಲೇ ಇರುವಾಗ ಎಷ್ಟು ಒರೆಸಿದರೂ ನೆಲ ಒಣಗುವುದಿಲ್ಲ. ಮೇಲಾಗಿ ಬಹುಪಾಲು ಕಣಗಳು ಅಸ್ಥಿಮಜ್ಜೆಯಿಂದ ಹೊರಗೆ ಬರುವ ಮೊದಲೇ ಸಾಯುತ್ತವೆ.

ಕಬ್ಬಿಣದ ಲೆಕ್ಕವನ್ನು ಪೋಷಕರು ಒಮ್ಮೆ ಕೂತು ಹಾಕಬೇಕು. ಒಂದು ಯೂನಿಟ್ ರಕ್ತದಲ್ಲಿ 200ರಿಂದ 250 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದೇಹ ದಿನಕ್ಕೆ ಹೊರಹಾಕಬಲ್ಲದ್ದು ಒಂದು ಮಿಲಿಗ್ರಾಂನಷ್ಟು ಮಾತ್ರ. ಉಳಿದದ್ದು ಯಕೃತ್ತು, ಹೃದಯ, ಹಾರ್ಮೋನ್ ಗ್ರಂಥಿಗಳಲ್ಲಿ ಸೇರುತ್ತದೆ, ಅಲ್ಲಿನ ಜೀವಕೋಶಗಳ ಪೊರೆಗಳನ್ನೂ ಹೀಗೇ ಕೆಡಿಸುತ್ತದೆ. ಇ–ಬೀಟಾ ಕಾಯಿಲೆಯಲ್ಲಿ ಅಪರೂಪಕ್ಕೆ ಮಾತ್ರ ರಕ್ತ ಪಡೆಯುವವರಲ್ಲೂ ಕರುಳು ಊಟದಿಂದ ಹೆಚ್ಚು ಕಬ್ಬಿಣ ಹೀರುತ್ತದೆ. ಆದ್ದರಿಂದ ಪೊರೆ ಉಳಿಸುವ ನಿಜವಾದ ಔಷಧ ಕಬ್ಬಿಣ ಇಳಿಸುವ ಮಾತ್ರೆ ಅಥವಾ ಇಂಜೆಕ್ಷನ್. ಡೆಫೆರಾಸಿರಾಕ್ಸ್, ಡೆಫೆರಿಪ್ರೋನ್, ಡೆಸ್ಫೆರಿಯಾಕ್ಸಮಿನ್ ಎಂಬ ಹೆಸರುಗಳು ನಿಮ್ಮ ಫೈಲಿನಲ್ಲಿ ಇರುತ್ತವೆ. ಹೊಟ್ಟೆನೋವು, ವಾಂತಿ ಎಂದು ಅದನ್ನು ಬಿಟ್ಟು ವಿಟಮಿನ್ ಕೊಡುತ್ತಿರುವ ಮನೆಗಳಿವೆ. ಅದು ತಲೆಕೆಳಗಾದ ಆಯ್ಕೆ. ತೊಂದರೆ ಆಗುತ್ತಿದ್ದರೆ ವೈದ್ಯರಿಗೆ ಹೇಳಿ ಔಷಧ ಅಥವಾ ಪ್ರಮಾಣ ಬದಲಿಸಿಕೊಳ್ಳಿ.

ಇನ್ನು ಆ ಹಸಿರು ಕ್ಯಾಪ್ಸೂಲ್‌ನ ಪ್ರಮಾಣ. ಸಾಮಾನ್ಯವಾಗಿ ಸಿಗುವುದು 400 ಮಿಲಿಗ್ರಾಂ. ಅಮೆರಿಕದ ಪೌಷ್ಟಿಕ ಮಾನದಂಡದಂತೆ ನಾಲ್ಕರಿಂದ ಎಂಟು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು 7 ಮಿಲಿಗ್ರಾಂ. ಆ ವಯಸ್ಸಿಗೆ ಮೀರಬಾರದ ಮಿತಿ 300 ಮಿಲಿಗ್ರಾಂ. ದೊಡ್ಡವರ ಕಾಲು ಸೆಳೆತಕ್ಕೆ ಕೊಟ್ಟ ಒಂದು ಮಾತ್ರೆ ಆರು ವರ್ಷದ ಮಗುವಿನ ಮೇಲ್ಮಿತಿಯನ್ನೇ ದಾಟುತ್ತದೆ. ಅತಿಯಾದ ವಿಟಮಿನ್ ಇ ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿ ಮಾಡಬಲ್ಲದು. ಅಜ್ಜಿ ಹೇಳಿದ "ರಕ್ತ ಗಟ್ಟಿ"ಗೆ ತದ್ವಿರುದ್ಧ. ದೊಡ್ಡವರಿಗೂ ಇದು ಮಿಠಾಯಿಯಲ್ಲ: ಆರೋಗ್ಯವಂತ ಗಂಡಸರಿಗೆ ದಿನಕ್ಕೆ 400 ಐಯು ಕೊಟ್ಟು ನೋಡಿದ ಒಂದು ದೊಡ್ಡ ಅಮೆರಿಕನ್ ಅಧ್ಯಯನದಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಿತ್ತು ಎಂದು 2011ರಲ್ಲಿ ವರದಿಯಾಯಿತು.

ಹಾಗೆಂದು ವೈದ್ಯರು ಎಂದೂ ಕೊಡುವುದಿಲ್ಲವೆಂದಲ್ಲ. ರಕ್ತದಲ್ಲಿ ಮಟ್ಟ ಅಳೆದು, ಕಡಿಮೆ ಇದ್ದರೆ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಬರೆದುಕೊಡಬಹುದು. ಊಟದಲ್ಲಿ ಸಿಗುವುದಕ್ಕಂತೂ ಹೆದರಬೇಕಿಲ್ಲ. ಸೂರ್ಯಕಾಂತಿ ಎಣ್ಣೆ, ಬಾದಾಮಿ, ಕಡಲೆಕಾಯಿ ಇವೆಲ್ಲ ಒಳ್ಳೆಯ ಮೂಲಗಳು. ನೂರು ಗ್ರಾಂ ಕಡಲೆಕಾಯಿಯಲ್ಲಿ ಎಂಟು ಮಿಲಿಗ್ರಾಂನಷ್ಟು ಇರುತ್ತದೆ. ಒಂದು ಮಾತು ವಿಟಮಿನ್ ಸಿ ಬಗ್ಗೆಯೂ. ಅದು ವಿಟಮಿನ್ ಇಗೆ ನೆರವಾಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದನ್ನು ಓದಿ ಸಿ ಮಾತ್ರೆ ಕೊಳ್ಳಬೇಡಿ. ಕಬ್ಬಿಣ ತುಂಬಿಕೊಂಡ ದೇಹದಲ್ಲಿ ಅದು ಕಬ್ಬಿಣವನ್ನು ಚುರುಕುಗೊಳಿಸಿ ಹೃದಯಕ್ಕೆ ಹಾನಿ ಮಾಡಬಲ್ಲದು. ಕಬ್ಬಿಣ ಇಳಿಸುವ ಇಂಜೆಕ್ಷನ್ ಜೊತೆಗೆ, ವೈದ್ಯರು ಹೇಳಿದಷ್ಟೇ ಕೊಡಬೇಕು.

ವಿಟಮಿನ್ ಎ: ಪೊರೆಗೆ ಬೆಣೆ

ವಿಟಮಿನ್ ಇ ಪೊರೆಯನ್ನು ಕಾಯುತ್ತದೆ. ವಿಟಮಿನ್ ಎ ಕಥೆ ಬೇರೆ. 1962ರಲ್ಲಿ ಕೇಂಬ್ರಿಡ್ಜ್‌ನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯದ ಡಿಂಗಲ್ ಮತ್ತು ಮೇಲೆ ಹೇಳಿದ ಲೂಸಿಯವರೇ ಕೆಂಪು ರಕ್ತಕಣಗಳಿಗೆ ನೇರವಾಗಿ ವಿಟಮಿನ್ ಎ ಬೆರೆಸಿ ನೋಡಿದರು. ಕಣಗಳು ಆಕಾರ ಕೆಟ್ಟು ಒಡೆದವು. ಅದರ ಅಣು ಪೊರೆಯ ಕೊಬ್ಬಿನ ನಡುವೆ ಮರಕ್ಕೆ ಬೆಣೆ ಹೊಡೆದ ಹಾಗೆ ತೂರಿಕೊಂಡು ಪದರವನ್ನು ಅಗಲಿಸುತ್ತದೆ.

ಹಾಗಾದರೆ ಕ್ಯಾರೆಟ್ ತಿಂದವರ ರಕ್ತಕಣ ಒಡೆಯುವುದಿಲ್ಲವೇ? ಇಲ್ಲ. ದೇಹ ಈ ಅಣುವನ್ನು ಬರಿಮೈಯಲ್ಲಿ ತಿರುಗಾಡಲು ಬಿಡುವುದೇ ಇಲ್ಲ. ಯಕೃತ್ತಿನಲ್ಲಿ ಬೀಗ ಹಾಕಿಟ್ಟು, ಬೇಕಾದಷ್ಟನ್ನೇ ಒಂದು ವಾಹಕ ಪ್ರೋಟೀನ್‌ನೊಳಗೆ ಸುತ್ತಿ ರಕ್ತಕ್ಕೆ ಬಿಡುತ್ತದೆ. ಕ್ಯಾರೆಟ್, ಪಪ್ಪಾಯ, ಸೊಪ್ಪಿನಲ್ಲಿರುವುದು ಕಚ್ಚಾ ಸಾಮಗ್ರಿ ಮಾತ್ರ, ಬೇಕಾದಷ್ಟನ್ನು ಮಾತ್ರ ದೇಹ ವಿಟಮಿನ್ ಎ ಆಗಿ ಬದಲಿಸಿಕೊಳ್ಳುತ್ತದೆ. ತೊಂದರೆ ಆಗುವುದು ಸಿದ್ಧ ವಿಟಮಿನ್ ಎ ಅನ್ನು ಮಾತ್ರೆ, ಸಿರಪ್, ಮೀನೆಣ್ಣೆ ರೂಪದಲ್ಲಿ ತಿಂಗಳುಗಟ್ಟಲೆ ಅತಿಯಾಗಿ ಕೊಟ್ಟಾಗ. ವಾಹಕ ಪ್ರೋಟೀನ್ ಭರ್ತಿಯಾದ ಮೇಲೆ ಉಳಿದದ್ದು ಕೊಬ್ಬಿನ ಕಣಗಳ ಜೊತೆ ಅಲೆದು ಜೀವಕೋಶಗಳನ್ನು ತಲುಪುತ್ತದೆ. ತಲೆನೋವು, ವಾಂತಿ, ಚರ್ಮ ಸುಲಿಯುವುದು, ಮೂಳೆನೋವು, ಯಕೃತ್ತಿಗೆ ಹಾನಿ ಇದರ ಲಕ್ಷಣಗಳು. ಗರ್ಭಿಣಿಯರಿಗೆ ಅತಿಯಾದ ವಿಟಮಿನ್ ಎ ಭ್ರೂಣಕ್ಕೇ ಅಪಾಯ, ಆದರೆ ಅದು ಪೊರೆಯಿಂದಲ್ಲ, ಜೀನ್‌ಗಳ ಮೇಲಿನ ಪರಿಣಾಮದಿಂದ.

ಕಬ್ಬಿಣದಿಂದ ಯಕೃತ್ತು ಆಗಲೇ ದಣಿದಿರುವ ಮಗುವಿಗೆ ಇದು ಇನ್ನೂ ಮುಖ್ಯ, ಏಕೆಂದರೆ ಬೀಗದ ಕೋಣೆ ಇರುವುದು ಅಲ್ಲೇ. ಸರ್ಕಾರದ ಕಾರ್ಯಕ್ರಮದಲ್ಲಿ ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕೊಡುವ ವಿಟಮಿನ್ ಎ ಸಿರಪ್ ಬೇರೆ ವಿಚಾರ. ಅದು ಅಂತರ ಲೆಕ್ಕ ಹಾಕಿ ಕೊಡುವ ಡೋಸ್. ಅದನ್ನು ಹಾಕಿಸಿ. ಕಾರ್ಡ್ ಕಳೆದುಹೋಗಿ, ಒಂದು ಕಡೆ ಹಾಕಿಸಿ ಮತ್ತೊಂದು ಕಡೆ ಮತ್ತೆ ಹಾಕಿಸುವುದು ಬೇಡ. ಊರು ಬದಲಿಸುವ ಕುಟುಂಬಗಳಲ್ಲಿ ಹೀಗಾಗುವುದುಂಟು.

ಡಮ್ ಡಮ್‌ನ ಮಾರುಕಟ್ಟೆಯಲ್ಲಿ ಸಿಗುವ ಮೌರಲಾ ಎಂಬ ಬೆರಳುದ್ದದ ಮೀನು ವಿಟಮಿನ್ ಎ ಹೇರಳವಾಗಿರುವ ಆಹಾರ. ಅದರಲ್ಲಿ ಹೆಚ್ಚಿನ ಪಾಲು ಇರುವುದು ಕಣ್ಣಿನಲ್ಲಿ ಮತ್ತು ಹೊಟ್ಟೆಯ ಭಾಗದಲ್ಲಿ. ಬಂಗಾಳಿ ಮನೆಗಳಲ್ಲಿ ಇಡಿಯಾಗಿ ಹುರಿದು ತಿನ್ನುತ್ತಾರೆ, ಅದೇ ಸರಿ. ತಲೆ ತೆಗೆದುಹಾಕಿ ತೊಳೆದರೆ ವಿಟಮಿನ್ ಕಸದ ಬುಟ್ಟಿಗೆ ಹೋಗುತ್ತದೆ. ಅಂಗಡಿಯ ಎಣ್ಣೆ ಪ್ಯಾಕೆಟ್ ಮೇಲೆ ನೀಲಿ ಬಣ್ಣದ '+ಎಫ್' ಗುರುತಿದ್ದರೆ ಅದರಲ್ಲಿ ವಿಟಮಿನ್ ಎ ಮತ್ತು ಡಿ ಬೆರೆಸಿರುತ್ತಾರೆ. ಒಂದು ಗ್ರಾಂ ಎಣ್ಣೆಗೆ ಎ 6ರಿಂದ 9.9 ಮೈಕ್ರೋಗ್ರಾಂ, ಡಿ 0.11ರಿಂದ 0.16 ಮೈಕ್ರೋಗ್ರಾಂ. ಇದು ಅಡುಗೆಯಲ್ಲಿ ಹಾನಿ ಮಾಡುವ ಪ್ರಮಾಣವಲ್ಲ.

ಡಿ ಮತ್ತು ಕೆ

ವಿಟಮಿನ್ ಡಿ ಕೊಲೆಸ್ಟೆರಾಲ್‌ನ ಬಂಧು, ಆದ್ದರಿಂದ ಪೊರೆಯಲ್ಲಿ ಸೇರಿಕೊಳ್ಳಬಲ್ಲದು. ಆದರೆ ಅದರ ಮುಖ್ಯ ಕೆಲಸ ಜೀವಕೋಶದ ಒಳಗಿನ ಗ್ರಾಹಕಗಳ ಮೂಲಕ ನಡೆಯುತ್ತದೆ. ಅತಿಯಾದಾಗ ಆಗುವ ಹಾನಿಯೂ ಪೊರೆಯಿಂದಲ್ಲ, ರಕ್ತದಲ್ಲಿ ಕ್ಯಾಲ್ಸಿಯಂ ಏರುವುದರಿಂದ. ಥಲಸ್ಸೀಮಿಯಾ ಮಕ್ಕಳಲ್ಲಿ ಇದರ ಕೊರತೆ ಸಾಮಾನ್ಯ, ಮೂಳೆಗಳೂ ದುರ್ಬಲ. ಮಟ್ಟ ಪರೀಕ್ಷಿಸಿ ಕೊಡುತ್ತಾರೆ. ವಾರಕ್ಕೊಂದು ಎಂದು ಬರೆದ 60,000 ಐಯು ಪುಡಿಯನ್ನು ದಿನಕ್ಕೊಂದು ಎಂದು ತಪ್ಪು ತಿಳಿಯುವುದು ಇಲ್ಲಿನ ದೊಡ್ಡ ಅಪಾಯ. ಚೀಟಿಯನ್ನು ಇನ್ನೊಮ್ಮೆ ಓದಿ.

ವಿಟಮಿನ್ ಕೆ ಮಾತ್ರ ಪೊರೆಯ ಜೊತೆ ಬಲು ಸೊಗಸಾದ ಸಂಬಂಧ ಇಟ್ಟುಕೊಂಡಿದೆ. ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳು ತಮ್ಮ ಪೊರೆಯ ಒಳಸಾಲಿನಲ್ಲಿ ಅಡಗಿಸಿಟ್ಟ ಒಂದು ಬಗೆಯ ಕೊಬ್ಬನ್ನು ಹೊರಸಾಲಿಗೆ ತಿರುಗಿಸುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು ಅದಕ್ಕೆ ಅಂಟಿಕೊಂಡು ಕೆಲಸ ಶುರುಮಾಡಬೇಕು. ಅಂಟಿಕೊಳ್ಳಲು ಅವುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಕೊಂಡಿಗಳು ಬೇಕು. ಯಕೃತ್ತಿನಲ್ಲಿ ಆ ಕೊಂಡಿಗಳನ್ನು ಹಾಕಲು ವಿಟಮಿನ್ ಕೆ ಬೇಕು. ಕೆ ಇಲ್ಲದಿದ್ದರೆ ಪ್ರೋಟೀನ್ ಇರುತ್ತದೆ, ಪೊರೆಗೆ ಅಂಟುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಹುಟ್ಟಿದ ಕೂಸಿಗೆ ತೊಡೆಗೆ ಕೊಡುವ ಇಂಜೆಕ್ಷನ್ ಇದೇ. ಕೃತಕ ಹೃದಯ ಕವಾಟ ಹಾಕಿಸಿಕೊಂಡವರು ತೆಗೆದುಕೊಳ್ಳುವ ವಾರ್ಫರಿನ್, ಅಸೆನೋಕೌಮರಾಲ್ ಮಾತ್ರೆಗಳು ತಡೆಯುವುದೂ ಇದನ್ನೇ. ಅಂಥವರು ಪುಯಿ ಶಾಕ್ ಅಂದರೆ ನಮ್ಮ ಬಸಳೆ, ಪಾಲಕ್‌ನಂಥ ಸೊಪ್ಪುಗಳನ್ನು ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಬೇಕು. ಅವರು ಹಸಿರು ಕ್ಯಾಪ್ಸೂಲ್ ಮುಟ್ಟುವ ಮೊದಲು ವೈದ್ಯರನ್ನು ಕೇಳಲೇಬೇಕು.

ಇಲ್ಲಿ ಥಲಸ್ಸೀಮಿಯಾಕ್ಕೂ ಒಂದು ಎಳೆ ಇದೆ. ಪೊರೆ ಕೆಟ್ಟ ಕೆಂಪು ಕಣಗಳಲ್ಲೂ ಅದೇ ಒಳಸಾಲಿನ ಕೊಬ್ಬು ಹೊರಕ್ಕೆ ತಿರುಗಿರುತ್ತದೆ. ಗಾಯವೇ ಇಲ್ಲದೆ ರಕ್ತ ಹೆಪ್ಪುಗಟ್ಟುವ ಅಪಾಯ ಈ ಕಾಯಿಲೆಯಲ್ಲಿ, ಅದರಲ್ಲೂ ಗುಲ್ಮ ತೆಗೆಸಿದವರಲ್ಲಿ, ಹೆಚ್ಚು. ಅಂಥವರ ಒಂದು ಕಾಲು ಮಾತ್ರ ಊದಿಕೊಂಡು ನೋವಾದರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಬೆಳಗಾಗುವುದನ್ನು ಕಾಯದೆ ಆಸ್ಪತ್ರೆಗೆ ಹೋಗಿ.

ಅಜ್ಜಿಗೆ ಏನು ಹೇಳುವುದು

ಮುಂದಿನ ಬಾರಿ ರಕ್ತ ಕೊಡಿಸಲು ಹೋದಾಗ ಮನೆಯಲ್ಲಿರುವ ಎಲ್ಲ ಸಿರಪ್, ಪುಡಿ, ಮಾತ್ರೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲಿಡಿ. ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲ. ಮಲ್ಟಿವಿಟಮಿನ್ ಸಿರಪ್‌ಗಳಲ್ಲಿ ಎ ಮತ್ತು ಡಿ ಎರಡೂ ಇರುವುದುಂಟು, ಕಬ್ಬಿಣವೂ ಇರಬಹುದು. ಲೇಬಲ್‌ನಲ್ಲಿ ಫೆರಸ್, ಫೆರಿಕ್ ಎಂಬ ಪದ ಕಂಡರೆ ಅದನ್ನು ಆ ಮಗುವಿಗೆ ಕೊಡಬೇಡಿ, ವೈದ್ಯರು ಕೊರತೆ ಪರೀಕ್ಷಿಸಿ ಬರೆದಿದ್ದರೆ ಮಾತ್ರ ಬೇರೆ. ಫೆರಿಟಿನ್ ಎಷ್ಟಿದೆ, ವಿಟಮಿನ್ ಡಿ ಯಾವಾಗ ನೋಡಿದ್ದು, ವಿಟಮಿನ್ ಇ ನೋಡುವ ಅಗತ್ಯವಿದೆಯೇ, ಈ ಮೂರನ್ನು ಕೇಳಿ.

ಕಾಮಾಲೆ ಬಂದು ಪಿತ್ತನಾಳ ಕಟ್ಟಿದ್ದರೆ ಅದನ್ನೂ ಹೇಳಿ. ಥಲಸ್ಸೀಮಿಯಾದಲ್ಲಿ ಪಿತ್ತಕೋಶದ ಕಲ್ಲು ಅಪರೂಪವಲ್ಲ. ಪಿತ್ತರಸ ಕರುಳಿಗೆ ಬರದಿದ್ದರೆ ಎಣ್ಣೆಯಲ್ಲಿ ಕರಗುವ ಯಾವ ವಿಟಮಿನ್ನೂ ಹೀರಲ್ಪಡುವುದಿಲ್ಲ, ಎಷ್ಟು ಮಾತ್ರೆ ನುಂಗಿಸಿದರೂ ಮಲದಲ್ಲಿ ಹೋಗುತ್ತದೆ.

ಮತ್ತೆ ಹಾಸನಕ್ಕೆ ಫೋನ್ ಮಾಡುವಾಗ ಮಾತ್ರೆಯ ವಿಷಯ ಎರಡು ಮಾತಿನಲ್ಲಿ ಮುಗಿಸಬಹುದು. ಹೇಳಬೇಕಾದ ದೊಡ್ಡ ವಿಷಯ ಬೇರೆ ಇದೆ. ಅಪ್ಪನಲ್ಲಿ ಬೀಟಾ ಇದ್ದರೆ ಅದು ಅವರ ತಂದೆ ಅಥವಾ ತಾಯಿಯಿಂದ ಬಂದದ್ದು. ತಮ್ಮ, ತಂಗಿಯರಲ್ಲಿ ಪ್ರತಿಯೊಬ್ಬರಿಗೂ ಅದಿರುವ ಸಾಧ್ಯತೆ ಅರ್ಧದಷ್ಟು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿಯಲ್ಲಿ ಇದು ಗೊತ್ತಿಲ್ಲದೆ ಇರುತ್ತದೆ. ಇಬ್ಬರು ವಾಹಕರ ಮಕ್ಕಳಲ್ಲಿ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಅಪಾಯ. ಹೆಚ್‌ಪಿಎಲ್‌ಸಿ ಎಂಬ ರಕ್ತಪರೀಕ್ಷೆ ಒಮ್ಮೆ ಮಾಡಿಸಿದರೆ ಸಾಕು. "ಅಮ್ಮಾ, ಮಾತ್ರೆ ಬೇಡ. ತಂಗಿಗೆ ಗಂಡು ನೋಡೋ ಮೊದಲು ಈ ಒಂದು ಟೆಸ್ಟ್ ಮಾಡಿಸಿಬಿಡಿ, ಅತ್ತೆ ಮಕ್ಕಳಿಗೂ ಹೇಳಿ."